ಮಗಳಿಗೊಂದು ಪತ್ರ: ಕನಸು ತಿನ್ನುವ ಏಟು

ಪುಟ್ಟಿ,

ನಿನ್ನೆ ಪೋಕೆಮಾನ್ ಕಾಳಗದಲ್ಲಿ ಗೆಳತಿಗೆ ಸೋತು ನೀನು ಬಾಗಿಲು ಹಾಕಿಕೊಂಡು ಮಲಗಿದ ಮೇಲೂ ನಾನು ತುಂಬಾ ಹೊತ್ತು ಎದ್ದಿದ್ದೆ. ನಿನ್ನ ಗೇಮ್ ಸೋಫಾ ಮೇಲೇ ಬಿದ್ದಿತ್ತು. ಆಫ್ ಕೂಡ ಮಾಡಿರಲಿಲ್ಲ. ಆಗ ಮಾತಾಡಿದ್ದರೆ ನೀನು ಕೇಳುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಎರಡು ಮಾತು ಹೇಳಿದೆ. ಮೊದಲನೆಯದು, "ಮಲಗಿರುವವರನ್ನು ಹೊಡೆಯೋದು ಮೋಸ ಅಮ್ಮಾ." ಎರಡನೆಯದು ಇನ್ನೂ ಗಟ್ಟಿಯಾಗಿ ಹೇಳಿದೆ. "ಹಿಪ್ನೋಸಿಸ್ ಅಕ್ಯುರಸಿ ಬರೀ 60. ನಾಲ್ಕು ಸಲ ಹಾಕಿದಳು, ನಾಲ್ಕು ಸಲವೂ ತಗುಲಿತು. ಅವಳು ಏನೋ ಮಾಡಿದ್ದಾಳೆ."

ಎರಡನೆಯದನ್ನೇ ಮೊದಲು ನೋಡೋಣ. ಯಾಕೆಂದರೆ ನೀನು ಲೆಕ್ಕ ಇಟ್ಟಿದ್ದೆ. ಅದು ನನಗೆ ತುಂಬಾ ಇಷ್ಟವಾಯಿತು. ಹಿಪ್ನೋಸಿಸ್ ಎದುರಾಳಿಯನ್ನು ಮಲಗಿಸುವ ಮೂವ್, ಅಂದರೆ ಪೋಕೆಮಾನ್ ಹಾಕುವ ಪಟ್ಟು. ಅದು ನೂರಕ್ಕೆ 60 ಸಲ ತಗುಲುತ್ತದೆ ಅಂದರೆ ನಾಲ್ಕಕ್ಕೆ ನಾಲ್ಕೂ ತಗುಲುವುದು ನೂರರಲ್ಲಿ ಸುಮಾರು 13 ಸಲ ಮಾತ್ರ. ಆಗದ ಮಾತೇನಲ್ಲ, ಆದರೆ ಅನುಮಾನ ಬರುವಷ್ಟು ಕಮ್ಮಿ. ನಿನ್ನ ಅನುಮಾನದಲ್ಲಿ ತಪ್ಪಿಲ್ಲ. ಅಲ್ಲೇನೋ ಇದೆ ಅಂತ ನನಗೂ ಅನ್ನಿಸಿತು.

ನಿನ್ನ ಟೀಮ್ ತೆಗೆದು, ಅವಳು ಮಲಗಿಸಿದ ನಿನ್ನ ಪೋಕೆಮಾನ್ ಮಚಾಂಪ್‌ನ ಪುಟ ನೋಡಿದೆ. ಉತ್ತರ ಅಲ್ಲೇ ಇತ್ತು. ಅದರ ಅಬಿಲಿಟಿ, ಅಂದರೆ ವಿಶೇಷ ಗುಣ, ನೋ ಗಾರ್ಡ್.

ಅದನ್ನು ಯಾಕೆ ಆರಿಸಿದೆ ಅಂತ ನೆನಪಿದೆಯಾ? ಡೈನಾಮಿಕ್ ಪಂಚ್‌ಗೋಸ್ಕರ. ಆ ಮೂವ್‌ನ ಪವರ್ 100, ತಗುಲಿದರೆ ಎದುರಾಳಿಗೆ ಗೊಂದಲ ಖಂಡಿತ. ಆದರೆ ಅಕ್ಯುರಸಿ 50. ನೋ ಗಾರ್ಡ್ ಇದ್ದರೆ ಅದು ತಪ್ಪುವುದೇ ಇಲ್ಲ. ಇದನ್ನು ನೀನೇ ಕಂಡುಹಿಡಿದು ಅಡುಗೆಮನೆಗೆ ಓಡಿಬಂದು ಹೇಳಿದ್ದೆ. ಆದರೆ ಆ ಅಬಿಲಿಟಿಯ ವಿವರಣೆಯಲ್ಲಿ ಇನ್ನೊಂದು ಅರ್ಧ ಇದೆ. ಮಚಾಂಪ್ ಹೊಡೆಯುವ ಮೂವ್‌ಗಳಷ್ಟೇ ಅಲ್ಲ, ಮಚಾಂಪ್ ಮೇಲೆ ಬರುವ ಮೂವ್‌ಗಳೂ ತಪ್ಪುವುದಿಲ್ಲ. ಹಿಪ್ನೋಸಿಸ್ ಕೂಡ. ನಿನ್ನ ಗೆಳತಿ 60 ಅಂತ ಬರೆದಿರುವ ಮೂವ್ ಹಾಕಿದಳು, ನಿನ್ನ ಮಚಾಂಪ್ ಮುಂದೆ ಅದು 100 ಆಯಿತು. ಅವಳಿಗೆ ಇದು ಗೊತ್ತಿತ್ತೋ ಇಲ್ಲವೋ ನೀನೇ ಕೇಳು. ಗೊತ್ತಿದ್ದೇ ಹಾಕಿದ್ದರೆ ತುಂಬಾ ಚೆನ್ನಾಗಿ ಆಡಿದ್ದಾಳೆ.

ಈಗ ಮೊದಲನೆಯ ಮಾತು. ಇದಕ್ಕೆ ಅಷ್ಟು ಸುಲಭವಾಗಿ ಉತ್ತರ ಹೇಳಲು ಆಗಲ್ಲ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಪರದೆಯ ಮೇಲೆ ನಿನ್ನ ಮಚಾಂಪ್ ಕಣ್ಣು ಮುಚ್ಚಿ ನಿಂತಿದೆ. ನಾಲ್ಕು ಕೈಯೂ ಜೋಲುಬಿದ್ದಿವೆ. ಅವಳ ಆ ಗುಲಾಬಿ ಪೋಕೆಮಾನ್ ಮುಶಾರ್ನಾ ತಾನೂ ನಿದ್ದೆಗಣ್ಣಲ್ಲೇ ತೇಲುತ್ತಾ ಬಂದು, ಮಲಗಿದವರ ಕನಸು ತಿನ್ನುವ ಡ್ರೀಮ್ ಈಟರ್ ಹಾಕುತ್ತದೆ. ನಿನ್ನ ಎಚ್‌ಪಿ, ಅಂದರೆ ಜೀವಬಲ, ಸರ್ರನೆ ಇಳಿಯುತ್ತದೆ, ಅದರದ್ದು ಮೇಲೇರುತ್ತದೆ. ನೀನು ಒಂದು ಬಟನ್ ಒತ್ತಿ ಏನೂ ಮಾಡಲಾಗದೆ ನೋಡುತ್ತಾ ಕೂರಬೇಕು. ನೋವಾಗುವುದು ಸೋತಿದ್ದಕ್ಕಲ್ಲ, ಕೈಕಟ್ಟಿ ನೋಡಬೇಕಾಯಿತಲ್ಲ ಅದಕ್ಕೆ, ಅಲ್ವಾ?

ನನಗೂ ಇದು ಆಗಿದೆ. ಮೊದಲ ಪೋಕೆಮಾನ್ ಆಟಗಳು ಜಪಾನಿನಲ್ಲಿ 1996ರಲ್ಲಿ ಬಂದವು. ಅವುಗಳಲ್ಲಿ ಒಂದಾದ ರೆಡ್ ನನ್ನ ಕೈಗೆ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಆಮೇಲೆ, ನಿನ್ನ ವಯಸ್ಸಿನಲ್ಲಿ. ಆಟದ ಕೊನೆಗೆ ಎಲೀಟ್ ಫೋರ್ ಅನ್ನುವ ನಾಲ್ಕು ಬಲಶಾಲಿ ಎದುರಾಳಿಗಳು ಇರುತ್ತಾರೆ. ಮೂರನೆಯವಳು ಅಗಾಥಾ ಅನ್ನುವ ಅಜ್ಜಿ. ಅವಳ ಗೆಂಗಾರ್‌ಗೆ ಹಿಪ್ನೋಸಿಸ್ ಇತ್ತು, ಡ್ರೀಮ್ ಈಟರ್ ಕೂಡ ಇತ್ತು. ನನ್ನ ಬಳಿ ಬಲವಾಗಿದ್ದದ್ದು ವೀನಸಾರ್ ಒಂದೇ. ಅದಕ್ಕೆ ಪಾಯ್ಸನ್ ಟೈಪ್ ಇದೆ, ಹಾಗಾಗಿ ಡ್ರೀಮ್ ಈಟರ್‌ನಂಥ ಸೈಕಿಕ್ ಟೈಪಿನ ಏಟು ದುಪ್ಪಟ್ಟು ಬೀಳುತ್ತದೆ. ಮೇಲಾಗಿ ಆ ಕಾಲದ ಆಟದಲ್ಲಿ ನಿದ್ದೆ ಅಂದರೆ ನಿದ್ದೆ! ಈಗಿನ ಆಟಗಳಲ್ಲಿ 1ರಿಂದ 3 ಟರ್ನ್ ಮಲಗುತ್ತವೆ. ಆಗ 7 ಟರ್ನ್‌ವರೆಗೂ ಮಲಗುತ್ತಿದ್ದವು. ಎದ್ದ ಟರ್ನ್‌ನಲ್ಲೂ ಏನೂ ಮಾಡಲು ಆಗುತ್ತಿರಲಿಲ್ಲ. ನನ್ನ ವೀನಸಾರ್ ಒಂದೇ ಒಂದು ಏಟು ಹಾಕದೆ ಬಿದ್ದುಹೋಯಿತು. ನಾನು ಅತ್ತುಬಿಟ್ಟೆ.

ಎಷ್ಟೋ ದಿನಗಳಾದ ಮೇಲೆ ಗೊತ್ತಾಯಿತು, ನನ್ನ ಬ್ಯಾಗಿನಲ್ಲಿ ಪೋಕೆ ಫ್ಲೂಟ್ ಇತ್ತು ಅಂತ. ದಾರಿಗೆ ಅಡ್ಡ ಮಲಗಿದ್ದ ಸ್ನೋರ್ಲಾಕ್ಸ್ ಎಬ್ಬಿಸೋಕೆ ಲ್ಯಾವೆಂಡರ್ ಟೌನಿನ ಫುಜಿ ಅಜ್ಜ ಕೊಟ್ಟ ಕೊಳಲು ಅದು. ಅದರ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಕಾಳಗದ ಮಧ್ಯೆಯೂ ಅದನ್ನು ಊದಬಹುದಿತ್ತು. ಎಷ್ಟು ಸಲ ಬೇಕಾದರೂ. ಅಷ್ಟು ದಿನ ಅಗಾಥಾಳನ್ನು ಬೈದುಕೊಂಡು ಓಡಾಡಿದ್ದೆ.

ನೀನು ಒಂದು ವಿಷಯ ಗಮನಿಸಬೇಕು. ಡ್ರೀಮ್ ಈಟರ್ ಹಾಕುವವರು ಅದಕ್ಕೆ ಬೆಲೆ ಕೊಡುತ್ತಾರೆ. ಅದರ ಪವರ್ 100, ಅಕ್ಯುರಸಿ 100, ಆದರೆ ಎದುರಾಳಿ ಎಚ್ಚರ ಇದ್ದರೆ ಏನೂ ಆಗುವುದಿಲ್ಲ. ಮೂವ್ ಫೇಲ್ ಅಂತ ಬರುತ್ತದೆ, ಟರ್ನ್ ಹೋಗುತ್ತದೆ. ಇದರ ಪಕ್ಕದಲ್ಲಿ ಸೈಕಿಕ್ ಅನ್ನುವ ಮೂವ್ ಇಟ್ಟು ನೋಡು. ಅದರ ಪವರ್ 90, ಅಕ್ಯುರಸಿ 100, ಷರತ್ತು ಯಾವುದೂ ಇಲ್ಲ. ನಿನ್ನ ಗೆಳತಿ ಮೊದಲ ಟರ್ನ್‌ನಲ್ಲೇ ಸೈಕಿಕ್ ಹಾಕಬಹುದಿತ್ತು. ಬರೀ 10 ಪವರ್ ಹೆಚ್ಚಿಗೆ ಸಿಗಲಿ ಅಂತ ಯಾರೂ ಒಂದು ಇಡೀ ಟರ್ನ್ ಬಿಟ್ಟುಕೊಡುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಎಚ್‌ಪಿ. ಕೊಟ್ಟ ಏಟಿನ ಅರ್ಧದಷ್ಟು ಅವಳ ಮುಶಾರ್ನಾಗೆ ವಾಪಸ್ ಬರುತ್ತದೆ. ನಿನ್ನಿಂದ 80 ತೆಗೆದರೆ ಅದಕ್ಕೆ 40 ಸೇರುತ್ತದೆ. ಮುಶಾರ್ನಾ ತುಂಬಾ ನಿಧಾನ, ಆದರೆ ಅದರ ಎಚ್‌ಪಿ ದೊಡ್ಡದು. ಏಟು ತಿಂದುಕೊಂಡು ನಿಲ್ಲುವ ಪ್ರಾಣಿ ಅದು. ಅಂಥದ್ದಕ್ಕೆ ಈ ಮೂವ್ ಹೇಳಿಮಾಡಿಸಿದ ಹಾಗಿದೆ.

ನಿನ್ನ ಮಚಾಂಪ್‌ಗೆ ಯಾಕೆ ಅಷ್ಟು ಜೋರಾಗಿ ತಗುಲಿತು ಅಂತಲೂ ಹೇಳುತ್ತೇನೆ. ಮುಶಾರ್ನಾ ತಾನೇ ಸೈಕಿಕ್ ಟೈಪ್. ತನ್ನ ಟೈಪಿನ ಮೂವ್ ಹಾಕಿದರೆ ಒಂದೂವರೆ ಪಟ್ಟು ಬಲ. 100 ಇದ್ದದ್ದು 150 ಆಯಿತು. ಮಚಾಂಪ್ ಫೈಟಿಂಗ್ ಟೈಪ್, ಸೈಕಿಕ್ ಅದಕ್ಕೆ ದುಪ್ಪಟ್ಟು. 300 ಆಯಿತು. ಅತ್ತ ನಿನ್ನ ಡೈನಾಮಿಕ್ ಪಂಚ್ ಸೈಕಿಕ್ ಟೈಪ್ ಮೇಲೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಆ ಜೋಡಿಯಲ್ಲಿ ನಿದ್ದೆ ಇಲ್ಲದಿದ್ದರೂ ನಿನಗೆ ಕಷ್ಟವೇ ಇತ್ತು ಕಂದ.

ಹಾಗಾದರೆ ಏನು ಮಾಡಬಹುದು? ನಾನು ರಾತ್ರಿ ಕೂತು ಯೋಚಿಸಿದ್ದೇ ಇದನ್ನು.

ಸುಲಭದ ದಾರಿ ಅಂದರೆ ಚೆಸ್ಟೋ ಬೆರಿ. ಮಚಾಂಪ್ ಕೈಗೆ ಅದನ್ನು ಕೊಟ್ಟಿದ್ದರೆ ನಿದ್ದೆ ಹತ್ತಿದ ತಕ್ಷಣ ತಿಂದು ಎದ್ದುಬಿಡುತ್ತದೆ. ಆದರೆ ಒಂದೇ ಸಲ. ಇಲ್ಲವೇ ಡಾರ್ಕ್ ಟೈಪಿನ ಅಂಬ್ರಿಯಾನ್ ಅನ್ನು ಕಾಳಗಕ್ಕೆ ಇಳಿಸಬಹುದು. ಡಾರ್ಕ್ ಟೈಪ್ ಅನ್ನು ಡ್ರೀಮ್ ಈಟರ್ ಮುಟ್ಟುವುದೇ ಇಲ್ಲ. ಹಿಪ್ನೋಸಿಸ್ ಹಾಕಿದರೆ ಅಂಬ್ರಿಯಾನ್ ಕೂಡ ಮಲಗುತ್ತದೆ, ಅದನ್ನು ಮರೆಯಬೇಡ. ಆದರೆ ಅದರ ಕನಸು ತಿನ್ನಲು ಯಾರಿಂದಲೂ ಆಗಲ್ಲ. ಅಷ್ಟರಲ್ಲಿ ಹಿಂದೆ ಹೋದ ಮಚಾಂಪ್ ಏಳುತ್ತದೆ ಅಂದುಕೊಂಡರೆ ತಪ್ಪು. ಕಾಳಗಕ್ಕೆ ಇಳಿಯದೆ ಹಿಂದೆ ಕೂತಿರುವಾಗ ನಿದ್ದೆಯ ಎಣಿಕೆ ನಡೆಯುವುದಿಲ್ಲ.

ನನಗೆ ಹೆಚ್ಚು ಇಷ್ಟವಾದ ದಾರಿ ಬೇರೆ. ಮಚಾಂಪ್‌ಗೆ ಸ್ಲೀಪ್ ಟಾಕ್ ಕಲಿಸು. ಮಲಗಿರುವಾಗ ಮಾತ್ರ ಕೆಲಸ ಮಾಡುವ ಮೂವ್ ಅದು. ಕಣ್ಣು ಮುಚ್ಚಿದಲ್ಲೇ ಉಳಿದ ಮೂರು ಮೂವ್‌ಗಳಲ್ಲಿ ಯಾವುದಾದರೂ ಒಂದನ್ನು ಹೊಡೆಯುತ್ತದೆ. ಯಾವುದು ಅಂತ ನೀನು ಆರಿಸುವ ಹಾಗಿಲ್ಲ. ಆದರೆ ನಿನ್ನದು ನೋ ಗಾರ್ಡ್ ತಾನೇ? ಯಾವುದು ಬಂದರೂ ತಪ್ಪುವುದಿಲ್ಲ! ಡೈನಾಮಿಕ್ ಪಂಚ್ ಬಂದರೆ ಏಟು ಅರ್ಧವಾದರೂ ಗೊಂದಲ ಗ್ಯಾರಂಟಿ. ನಾಕ್ ಆಫ್ ಬಂದರೆ ಅದು ಡಾರ್ಕ್ ಮೂವ್, ಮುಶಾರ್ನಾಗೆ ದುಪ್ಪಟ್ಟು. ನಿನ್ನ ಬಲ್ಕ್ ಅಪ್ ತೆಗೆದು ಆ ಜಾಗಕ್ಕೆ ಸ್ಲೀಪ್ ಟಾಕ್ ಹಾಕಿದರೆ ಸಾಕು. ಒಂದೇ ತೊಂದರೆ, ಸ್ಲೀಪ್ ಟಾಕ್ ಒತ್ತಿದ ಟರ್ನ್‌ನಲ್ಲೇ ಮಚಾಂಪ್‌ಗೆ ಎಚ್ಚರವಾದರೆ ಮೂವ್ ಫೇಲ್ ಆಗುತ್ತದೆ. ಅದನ್ನು ಊಹಿಸಬೇಕು. ಅಲ್ಲಿಂದ ಆಟ ನಿಜವಾಗಿ ಶುರು.

ಗಟ್ಸ್ ಅಬಿಲಿಟಿಯನ್ನೂ ಯೋಚಿಸಿದೆ. ಅದಿದ್ದರೆ ಮಚಾಂಪ್ ಮಲಗಿದಾಗ ಅದರ ಅಟ್ಯಾಕ್ ಒಂದೂವರೆ ಪಟ್ಟು ಆಗುತ್ತದೆ. ಸ್ಲೀಪ್ ಟಾಕ್ ಜೊತೆ ಸೇರಿಸಿದರೆ, ಮಲಗಿಸಿದವರಿಗೇ ಕಷ್ಟ. ಅಬಿಲಿಟಿ ಕ್ಯಾಪ್ಸೂಲ್ ಕೊಟ್ಟು ಬದಲಾಯಿಸಬಹುದು. ಆದರೆ ಆಗ ಡೈನಾಮಿಕ್ ಪಂಚ್ ಮತ್ತೆ 50ಕ್ಕೆ ಇಳಿಯುತ್ತದೆ. ಹಿಪ್ನೋಸಿಸ್ ಕೂಡ 60ಕ್ಕೆ ಇಳಿಯುತ್ತದೆ. ಯಾವುದು ಬೇಕು ಅಂತ ನೀನೇ ನಿರ್ಧಾರ ಮಾಡು, ನಾನು ಹೇಳಲ್ಲ.

ಮೋಸದ ಮಾತಿಗೆ ಇನ್ನೊಂದು ಸಲ ಬರುತ್ತೇನೆ. ಒಪ್ಪಿಕೊಂಡ ನಿಯಮ ಮುರಿದರೆ ಮೋಸ. ಅವಳು ಏನನ್ನೂ ಮುರಿದಿಲ್ಲ. ಆದರೆ ನಿನಗೆ ಅನ್ನಿಸಿದ್ದು ಸುಮ್ನೆ ಅಲ್ಲ. ಒಂದಾದ ಮೇಲೊಂದು ಇಡೀ ಟೀಮ್ ಮಲಗಿಸಿಬಿಟ್ಟರೆ ಆಟದಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಸ್ಲೀಪ್ ಕ್ಲಾಝ್ ಅನ್ನುವ ನಿಯಮ ಬಂತು. ಪೋಕೆಮಾನ್ ಸ್ಟೇಡಿಯಂ ಕಾಲದಿಂದಲೂ ಇದೆ. ಎದುರಾಳಿಯ ಟೀಮ್‌ನಲ್ಲಿ ಒಂದು ಪೋಕೆಮಾನ್ ಅನ್ನು ಮಲಗಿಸಿದ ಮೇಲೆ, ಅದು ಏಳುವ ತನಕ ಇನ್ನೊಂದನ್ನು ಮಲಗಿಸುವಂತಿಲ್ಲ. ನಿನಗೆ ಈ ನಿಯಮ ಬೇಕು ಅನ್ನಿಸಿದರೆ ಆಟ ಶುರುವಾಗುವ ಮೊದಲು ಅವಳಿಗೆ ಹೇಳು. ನಿನ್ನೆ ಸೋತ ಮೇಲೆ ಅವಳಿಗೆ ಅಂದ ಮಾತು ಮಾತ್ರ ಸರಿಯಿರಲಿಲ್ಲ. ಅವಳು ಫೋನ್ ಇಟ್ಟಾಗ ದನಿ ನಡುಗುತ್ತಿತ್ತು, ನನಗೂ ಕೇಳಿಸಿತು. ನೋ ಗಾರ್ಡ್ ವಿಷಯ ಅವಳಿಗೆ ನೀನೇ ಹೇಳಬೇಕು.

ಮಲಗುವ ಮುಂಚೆ ಇನ್ನೊಂದು ಕೇಳಿದ್ದೆ. "ತಿಂದ ಕನಸು ಎಲ್ಲಿಗೆ ಹೋಗುತ್ತೆ?" ಅಂತ. ಆ ಪ್ರಶ್ನೆ ನನ್ನ ಮನಸ್ಸಿನಲ್ಲೇ ಉಳಿದುಬಿಟ್ಟಿತು.

ಆಟದಲ್ಲಿ ಇದಕ್ಕೆ ಉತ್ತರ ಇದೆ. ಕನಸು ತಿನ್ನುವ ಇನ್ನೊಂದು ಪೋಕೆಮಾನ್ ಡ್ರೌಝಿ, ತಾನು ತಿಂದ ಪ್ರತಿಯೊಂದು ಕನಸನ್ನೂ ನೆನಪಿಟ್ಟುಕೊಳ್ಳುತ್ತದಂತೆ. ಕೆಟ್ಟ ಕನಸು ತಿಂದರೆ ಒಮ್ಮೊಮ್ಮೆ ಹುಷಾರು ತಪ್ಪುತ್ತದಂತೆ. ದೊಡ್ಡವರ ಕನಸು ಅದಕ್ಕೆ ಅಷ್ಟಾಗಿ ಬೇಡ, ಮಕ್ಕಳ ಕನಸೇ ರುಚಿ. ಮುಶಾರ್ನಾದ ಮರಿರೂಪವಾದ ಮುನ್ನಾ ಒಳ್ಳೆಯ ಕನಸು ತಿಂದರೆ ಗುಲಾಬಿ ಮಂಜು ಬಿಡುತ್ತದೆ. ಮುಶಾರ್ನಾ ಹಣೆಯಿಂದ ಏಳುವ ಆ ಹೊಗೆಯಲ್ಲಿ ತಿಂದ ಕನಸುಗಳೇ ತುಂಬಿರುತ್ತವೆ. ಕಳೆದುಹೋಗುವುದಿಲ್ಲ ನೋಡು. ಇನ್ನೂ ಒಂದು ಇದೆ. ಡ್ರೌಝಿಗೆ ಇನ್‌ಸೋಮ್ನಿಯಾ ಅನ್ನುವ ಅಬಿಲಿಟಿ ಇರುತ್ತದೆ. ಅದು ಇದ್ದರೆ ನಿದ್ದೆಯೇ ಹತ್ತಲ್ಲ. ಬೇರೆಯವರ ಕನಸು ತಿನ್ನುವ ಪ್ರಾಣಿಗೆ ತನ್ನದೊಂದು ಕನಸು ಕಾಣಲು ಆಗಲ್ಲ. ಇದನ್ನು ಓದಿದಾಗ ನನಗೆ ಪಾಪ ಅನ್ನಿಸಿತು.

ಇದೆಲ್ಲ ಎಲ್ಲಿಂದ ಬಂತು ಗೊತ್ತಾ? ಜಪಾನಿನ ಹಳೆಯ ನಂಬಿಕೆಯೊಂದರಿಂದ. ಅಲ್ಲಿ ಬಾಕು ಅನ್ನುವ ಪ್ರಾಣಿಯ ಕತೆ ಇದೆ. ಆನೆಯ ಸೊಂಡಿಲು, ಹುಲಿಯ ಕಾಲು. ಅದರ ಊಟ ಕನಸು. ಮಗುವಿಗೆ ಕೆಟ್ಟ ಕನಸು ಬಿದ್ದು ಎಚ್ಚರವಾದರೆ "ಬಾಕು, ಬಂದು ನನ್ನ ಕನಸು ತಿನ್ನು" ಅಂತ ಮೂರು ಸಲ ಕರೆಯಬೇಕು. ಬಾಕು ಬಂದು ತಿಂದುಕೊಂಡು ಹೋಗುತ್ತದೆ, ಮಗು ಮತ್ತೆ ಮಲಗುತ್ತದೆ. ಅಂದರೆ ಅದು ಕದಿಯಲು ಬರುವುದಲ್ಲ, ಕರೆದರೆ ಬರುವುದು. ಡ್ರೌಝಿಯ ಆ ಉದ್ದ ಮೂತಿ ಅಲ್ಲಿಂದಲೇ ಬಂದದ್ದು. ಟೇಪಿರ್ ಅನ್ನುವ ನಿಜವಾದ ಪ್ರಾಣಿಗೂ ಜಪಾನೀ ಭಾಷೆಯಲ್ಲಿ ಬಾಕು ಅಂತಲೇ ಹೆಸರು.

ನಿನಗೆ ನಾಲ್ಕು ವರ್ಷ ಇದ್ದಾಗ ರಾತ್ರಿ ಬೆಚ್ಚಿಬಿದ್ದು ಏಳುತ್ತಿದ್ದೆ. ನನಗೆ ಆಗ ಬಾಕು ಗೊತ್ತಿರಲಿಲ್ಲ. ಗೊತ್ತಿದ್ದರೆ ಇಬ್ಬರೂ ಸೇರಿ ಕರೆಯಬಹುದಿತ್ತು.

ಈ ಕಾಗದ ನಿನ್ನ ಗೇಮ್ ಕೆಳಗೆ ಇಟ್ಟಿದ್ದೇನೆ. ಚಾರ್ಜ್ ತುಂಬಿದೆ. ನಿನ್ನ ಟೀಮ್‌ನಲ್ಲಿ ಏನನ್ನೂ ಬದಲಾಯಿಸಿಲ್ಲ, ನೋಡಿದ್ದಷ್ಟೇ. ಸ್ಲೀಪ್ ಟಾಕ್ ಪ್ರಯತ್ನ ಮಾಡಲು ನಿನಗೆ ಎದುರಿಗೆ ಯಾರಾದರೂ ಬೇಕಲ್ಲ, ಅದಕ್ಕೆ ನನ್ನ ಹಳೆಯ ಸೇವ್ ತೆಗೆದು ಒಂದು ಮುನ್ನಾ ಹಿಡಿದಿದ್ದೇನೆ. ಹಿಪ್ನೋಸಿಸ್ ಇದೆ. ಅದನ್ನು ಮುಶಾರ್ನಾ ಮಾಡಬೇಕಾದರೆ ಮೂನ್ ಸ್ಟೋನ್ ಬೇಕು, ನನಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ನಿನ್ನ ಹತ್ತಿರ ಒಂದು ಹೆಚ್ಚಿಗೆ ಇದ್ದರೆ ಕೊಡ್ತೀಯಾ?

ಅಮ್ಮ