ಅವ್ವನಿಗೆ, ಕೋಟೆಯ ಗೈಡ್ ಅಣ್ಣಂದಿರಿಗೆ

ಹೈಸ್ಕೂಲ್ ಸಮಾಜ ವಿಜ್ಞಾನ ಶಿಕ್ಷಕಿ ಅಂತ ಆದೇಶ ಪತ್ರ ಕೈಗೆ ಬಂತು. ಮೊಳಕಾಲ್ಮೂರು ತಾಲ್ಲೂಕಿನ ಒಂದು ಶಾಲೆ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಎಲ್ಲರಿಗೂ ಥ್ಯಾಂಕ್ಸ್. ಒಬ್ಬೊಬ್ಬರಿಗೂ ಉತ್ತರ ಬರೆಯೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ನೀನು ಪಾಠ ಮಾಡ್ತೀಯಾ?" ಅಂತ ಹಳೆಯ ಗೆಳತಿಯರು ನಗುತ್ತಿದ್ದಾರೆ. ನಗಲಿ. ಹಾಜರಿ ಕೂಗಿದಾಗ ನಾನು "ಎಸ್ ಸರ್" ಅಂದದ್ದು ಪಕ್ಕದಲ್ಲಿ ಕೂತವಳಿಗೂ ಕೇಳುತ್ತಿರಲಿಲ್ಲ. ನೆಂಟರು ನನ್ನೆದುರಿಗೇ "ಬಾಯಿ ಸತ್ತ ಹುಡುಗಿ" ಅನ್ನುತ್ತಿದ್ದರು. "ಮಾತಾಡು, ಮಾತಾಡು" ಅಂತ ಬೇರೆ. ಹಾಗೆ ಅಂದಷ್ಟೂ ಗಂಟಲು ಕಟ್ಟುತ್ತದೆ ಅನ್ನೋದು ಹೇಳುವವರಿಗೆ ಗೊತ್ತಾಗಲ್ಲ. ಅವ್ವ ಮಾತ್ರ "ಅವಳು ಎಲ್ಲಾ ಕೇಳಿಸ್ಕೊಂತಾಳೆ ಬಿಡ್ರಿ" ಅಂತ ವಿಷಯ ಬದಲಿಸುತ್ತಿದ್ದಳು.

ಅವ್ವ ಚಿತ್ರದುರ್ಗದ ಕೋಟೆ ಹತ್ತಿರ ಸೌತೆಕಾಯಿ ಮಾರುತ್ತಾಳೆ. ರಜೆ ದಿನ ನಾನೂ ಹೋಗಿ ಅವಳ ಹಿಂದೆ ಕೂರುತ್ತಿದ್ದೆ. ಗೈಡ್ ಅಣ್ಣಂದಿರು ದಿನವಿಡೀ ಹೇಳುವುದು ಕಿವಿಗೆ ಬೀಳುತ್ತಿತ್ತು. ಸಂಜೆ ಗಿರಾಕಿ ಕಮ್ಮಿಯಾದ ಮೇಲೆ ಅವ್ವ ಕೇಳುವಳು: "ಈ ಬಾಗಿಲ ದಾರಿ ಯಾಕೆ ಸೊಟ್ಟ ಐತೆ?" ನಾನು ಹೇಳುತ್ತಿದ್ದೆ. ದಾರಿ ನೇರ ಇದ್ದರೆ ಶತ್ರುಗಳ ಆನೆ ಓಡಿ ಬಂದು ಬಾಗಿಲಿಗೆ ಗುದ್ದುತ್ತದೆ. ತಿರುವು ಇದ್ದರೆ ಓಡೋಕೆ ಜಾಗವೇ ಸಿಗಲ್ಲ. ಅವ್ವ ಬಾಯಿಬಿಟ್ಟು ಕೇಳುತ್ತಿದ್ದಳು. ಅಲ್ಲೇ ಕೂತು ವರ್ಷಗಟ್ಟಲೆ ಅದನ್ನೇ ಕೇಳಿದವಳಿಗೆ ಗೊತ್ತಿಲ್ಲದೆ ಇರುತ್ತಾ? ನನಗೆ ಇದು ಹೊಳೆದದ್ದು ಬಿ.ಎಡ್. ಓದುವಾಗ.

ಒಂದು ಭಾನುವಾರ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಬಂತು. "ಇಷ್ಟು ಎತ್ತರದಾಗ ನೀರಿಗೆ ಏನ್ ಮಾಡ್ತಿದ್ರು?" ಅಂತ ಅಜ್ಜಿ ಅವ್ವನನ್ನು ಕೇಳಿದರು. "ನಮ್ಮ ಹುಡುಗಿ ಹೇಳ್ತಾಳೆ, ಕೇಳ್ರಿ" ಅಂದವಳೇ ಅವ್ವ ಸೌತೆಕಾಯಿ ಹೆಚ್ಚಲು ಶುರು ಮಾಡಿದಳು. ನನ್ನ ಬಾಯಿಂದ ಸದ್ದೇ ಇಲ್ಲ. ಅವ್ವ ತಲೆ ಎತ್ತಲಿಲ್ಲ, ನನ್ನ ಪರವಾಗಿ ಉತ್ತರವನ್ನೂ ಕೊಡಲಿಲ್ಲ. ಸುಮ್ನೆ ಹೆಚ್ಚುತ್ತಾ ಕೂತಳು. ಕೊನೆಗೆ ನಾನೇ ಶುರು ಮಾಡಿದೆ. ಮೇಲೆ ಗೋಪಾಲಸ್ವಾಮಿ ಹೊಂಡ, ಅಲ್ಲಿಂದ ಅಕ್ಕ-ತಂಗಿ ಹೊಂಡ, ಮುಂದೆ ಕೆಳಗೆ ಊರಿನ ಹೊಂಡಗಳಿಗೆ ಇಳಿಯುವ ಮಳೆನೀರು. ಮೊದಲ ವಾಕ್ಯ ನಡುಗಿತು. ಅಜ್ಜಿ "ಹೌದಾ!" ಅಂದ ಮೇಲೆ ನಿಲ್ಲಿಸೋಕೇ ಆಗಲಿಲ್ಲ. ಓಬವ್ವನ ಕಿಂಡಿ, ಹೈದರಾಲಿ, ಮದಕರಿ ನಾಯಕ, 1779ರಲ್ಲಿ ಕೋಟೆ ಬಿದ್ದದ್ದು, ಎಲ್ಲಾ ಹೇಳಿಬಿಟ್ಟೆ.

ಅವರು ಹೋದ ಮೇಲೆ ಅವ್ವ ಹೊಗಳುತ್ತಾಳೆ ಅಂದುಕೊಂಡಿದ್ದೆ. "ಸ್ವಲ್ಪ ನಿಧಾನ ಹೇಳವ್ವ, ಅಜ್ಜಿಗೆ ಕಿವಿ ಮಂದ ಇತ್ತು" ಅಂದಳು. ಮುಂದಿನ ಸಲವೂ ಹೇಳಬೇಕು ಅಂತ ಅದರಲ್ಲೇ ಬಂತಲ್ವಾ?

ಗೈಡ್ ಅಣ್ಣಂದಿರಿಗೂ ಋಣಿ. ನಿಮ್ಮ ಮಾತು ಕದ್ದು ನಿಮ್ಮೆದುರಿಗೇ ಹೇಳಿದರೂ ಬೈಯಲಿಲ್ಲ. ತಪ್ಪಿದ ಕಡೆ ತಿದ್ದಿದಿರಿ. ಹಿಂದಿನ ಬೆಂಚಿಗೆ ಕೇಳುವ ಹಾಗೆ ಹೊಟ್ಟೆಯಿಂದ ದನಿ ತೆಗೆಯೋದು ಕಲಿಸಿದ್ದೂ ನೀವೇ. ನೋಟ್ಸ್ ಕೊಟ್ಟ ಗೆಳತಿಯರೇ, ಪಾರ್ಟಿ ಬಾಕಿ ಇದೆ, ಮರೆತಿಲ್ಲ.

ಅವ್ವನಿಗೆ ಇದನ್ನು ನಾನೇ ಓದಿ ಹೇಳಬೇಕು. ನಾನು ಊರಲ್ಲಿ ಇರುವುದಿಲ್ಲ, ಆ ಕಡೆ ಹೋದರೆ ಅವಳ ಹತ್ತಿರ ಒಂದು ಸೌತೆಕಾಯಿ ತಗೊಳ್ಳಿ. ಖಾರ ಸ್ವಲ್ಪ ಕಮ್ಮಿ ಹಾಕು ಅಂತ ಮೊದಲೇ ಹೇಳಿ, ಅವಳ ಕೈ ದೊಡ್ಡದು.