ಸೋಲುವ ತಂಡಕ್ಕೂ ಪಂದ್ಯಗಳು ಸಿಗಲಿ

ಮಾನ್ಯರೇ,

ನಾನು ದೈಹಿಕ ಶಿಕ್ಷಣ ನಿರ್ದೇಶಕನಾಗಿ ಸೇವೆ ಸಲ್ಲಿಸಿ ನಿವೃತ್ತನಾದ ಪದವಿ ಕಾಲೇಜು, ತನ್ನ ಬ್ಯಾಸ್ಕೆಟ್‌ಬಾಲ್ ತಂಡ ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಸೋತು ಬರುತ್ತಿದೆ ಎಂಬ ಕಾರಣಕ್ಕೆ ಇನ್ನು ಮುಂದೆ ಅಂತರ ಕಾಲೇಜು ಟೂರ್ನಿಗೆ ತಂಡವನ್ನು ಕಳುಹಿಸದಿರಲು ತೀರ್ಮಾನಿಸಿದೆ. ಕಾಲೇಜಿನ ಹೆಸರು ಇಲ್ಲಿ ಮುಖ್ಯವಲ್ಲ. ದೊಡ್ಡ ನಗರಗಳಿಂದ ದೂರವಿರುವ ಅನೇಕ ಕಾಲೇಜುಗಳಲ್ಲಿ ಇದೇ ಮಾತು ಒಂದಲ್ಲ ಒಂದು ವರ್ಷ ಸಿಬ್ಬಂದಿ ಸಭೆಯಲ್ಲಿ ಕೇಳಿಬರುತ್ತದೆ. ಪ್ರಯಾಣ ಭತ್ಯೆ, ಸಮವಸ್ತ್ರ, ತರಗತಿಯ ಹಾಜರಾತಿ ಎಲ್ಲವೂ ದಂಡವಾಗುತ್ತಿದೆ ಎನ್ನುವವರಿಗೆ ತಂಡ ಏಕೆ ಸೋಲುತ್ತಿದೆ ಎಂದು ವಿಚಾರಿಸುವ ವ್ಯವಧಾನ ಮಾತ್ರ ಇರುವುದಿಲ್ಲ.

ಸೋಲಿಗೆ ದೊಡ್ಡ ಕಾರಣ ಟೂರ್ನಿಯ ಸ್ವರೂಪದಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ವಲಯ ಮಟ್ಟದ ಪಂದ್ಯಗಳು ಸಾಮಾನ್ಯವಾಗಿ ನಾಕ್‌ಔಟ್ ಮಾದರಿಯಲ್ಲಿ ನಡೆಯುತ್ತವೆ; ಲೀಗ್ ಎಂಬುದೇನಿದ್ದರೂ ಕೊನೆಗೆ ಉಳಿದ ನಾಲ್ಕು ತಂಡಗಳಿಗೆ. ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್ ಆಡಿ ಸೋತ ತಂಡ ಅಂದೇ ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತದೆ, ಮತ್ತೆ ಅಧಿಕೃತ ಪಂದ್ಯವೊಂದನ್ನು ಕಾಣಲು ಅದು ಇಡೀ ವರ್ಷ ಕಾಯಬೇಕು. ಹೀಗೆ ಮೂರು ವರ್ಷದ ಪದವಿ ಮುಗಿಸುವ ಆಟಗಾರನಿಗೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆಯ ಆಟ. ಬದಲಿ ಆಟಗಾರನಾಗಿ ಬೆಂಚಿನಲ್ಲಿ ಕುಳಿತವನಿಗೆ ಅದೂ ಇಲ್ಲ. ಇತ್ತ ಕ್ರೀಡಾ ವಸತಿ ನಿಲಯಗಳಲ್ಲಿ ಬಾಲ್ಯದಿಂದಲೇ ಪಳಗಿ, ಕ್ರೀಡಾ ಕೋಟಾದಡಿ ನಗರದ ಕೆಲವೇ ಕಾಲೇಜುಗಳಿಗೆ ಸೇರಿದ ಹುಡುಗರು ಕ್ಲಬ್ ಪಂದ್ಯಗಳನ್ನೂ ಆಡುತ್ತ ವರ್ಷವಿಡೀ ಕೋರ್ಟಿನಲ್ಲೇ ಇರುತ್ತಾರೆ. ಚೀಟಿ ಎತ್ತಿದಾಗ ಮೊದಲ ಪಂದ್ಯವೇ ಅಂಥವರ ಎದುರು ಬಂದರೆ ಫಲಿತಾಂಶವನ್ನು ಊಹಿಸುವುದು ಕಷ್ಟವಲ್ಲ.

ಆ ಪಂದ್ಯ ಹೇಗೆ ಸಾಗುತ್ತದೆ ಎಂಬುದನ್ನು ಓದುಗರು ತಿಳಿಯಬೇಕು. ನಮ್ಮ ಹುಡುಗರು ಅಭ್ಯಾಸ ಮಾಡುವುದು ಬಿಸಿಲಿಗೆ ಕಾದು ಬಿರುಕು ಬಿಟ್ಟ ಕಾಂಕ್ರೀಟ್ ಕೋರ್ಟಿನ ಮೇಲೆ, ಬಲೆಯಿಲ್ಲದ ರಿಂಗಿಗೆ, ಉಜ್ಜಿ ಉಜ್ಜಿ ನುಣುಪಾದ ಚೆಂಡಿನಲ್ಲಿ. ಒಳಾಂಗಣದ ಮರದ ಹಾಸಿನ ಮೇಲೆ ಚೆಂಡು ಪುಟಿಯುವ ಬಗೆಯೇ ಬೇರೆ ಎಂಬುದು ಅವರಿಗೆ ತಿಳಿಯುವುದು ಪಂದ್ಯ ಆರಂಭವಾದ ಮೇಲೆ. ಎದುರಾಳಿಗಳು ಮೊದಲ ಬುಟ್ಟಿ ಹಾಕಿದ ಕೂಡಲೇ ಕೋರ್ಟಿನುದ್ದಕ್ಕೂ ಪ್ರೆಸ್ ಮಾಡುತ್ತಾರೆ, ಅಂದರೆ ಚೆಂಡು ಹಿಡಿದವನನ್ನು ಎಲ್ಲೆಡೆ ಬೆನ್ನಟ್ಟಿ ಒತ್ತಡ ಹೇರುತ್ತಾರೆ. ಎಂಟು ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕಾದ ನಮ್ಮ ಹುಡುಗ ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತ ಡ್ರಿಬಲ್ ಮಾಡುವಾಗ ಇಬ್ಬರು ಬಂದು ಮೂಲೆಗೆ ಒತ್ತುತ್ತಾರೆ, ಚೆಂಡು ಕೈಬಿಡುತ್ತದೆ, ರಿಂಗಿನ ಬಳಿಯಿಂದಲೇ ಸುಲಭವಾಗಿ ಬುಟ್ಟಿಗೆ ಹಾಕುವ ಮತ್ತೊಂದು ಲೇಅಪ್. ಹೇಗೋ ಗೆರೆ ದಾಟಿದರೂ, 24 ಸೆಕೆಂಡಿನೊಳಗೆ ಶಾಟ್ ತೆಗೆಯಬೇಕೆಂಬ ನಿಯಮವನ್ನು ಬಾಯಿಪಾಠವಾಗಿ ಬಲ್ಲ ಅವನು ಎದುರಿಗೆ ಅಂಕಿಗಳು ಇಳಿಯುವ ಗಡಿಯಾರವನ್ನು ತನ್ನ ಕಾಲೇಜಿನಲ್ಲಿ ಒಮ್ಮೆಯೂ ಕಂಡಿರುವುದಿಲ್ಲವಾದ್ದರಿಂದ, ಮೂರನೆಯ ಪಾಸಿನ ಹೊತ್ತಿಗೆ ಹಾರ್ನ್ ಕೇಳಿ ಬೆಚ್ಚುತ್ತಾನೆ. ಹನ್ನೆರಡು ಮಂದಿಗೆ ಅವಕಾಶವಿದ್ದರೂ ನಮ್ಮವರು ಏಳೆಂಟು ಮಂದಿ ಮಾತ್ರ ಬಂದಿರುತ್ತಾರೆ. ಮೂರನೆಯ ಕ್ವಾರ್ಟರಿನಲ್ಲಿ ಇಬ್ಬರು ಐದು ಫೌಲ್ ಆಗಿ ಹೊರನಡೆದರೆ ಉಳಿದವರು ದಣಿದ ಕಾಲುಗಳಲ್ಲೇ ಪಂದ್ಯ ಮುಗಿಸಬೇಕು. ಇವೆಲ್ಲ ಪ್ರತಿಭೆಯ ಕೊರತೆಯಲ್ಲ. ನಾಲ್ಕಾರು ಪಂದ್ಯ ಆಡಿದರೆ ತಾವಾಗಿಯೇ ತಿದ್ದಿಕೊಳ್ಳುವ ತಪ್ಪುಗಳು ಇವು, ಆ ನಾಲ್ಕಾರು ಪಂದ್ಯಗಳೇ ಅವರಿಗೆ ಸಿಗುತ್ತಿಲ್ಲ.

ಅಮೆರಿಕದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ವಿಜ್ಞಾನ ಸಂಸ್ಥೆಯ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಉದಾಹರಣೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಅಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವಿಲ್ಲ, ಪ್ರವೇಶದಲ್ಲಿ ರಿಯಾಯಿತಿಯೂ ಇಲ್ಲ. ಭೌತವಿಜ್ಞಾನ, ಗಣಿತ, ಎಂಜಿನಿಯರಿಂಗ್ ಓದಲು ಬಂದವರೇ ತಂಡ ಕಟ್ಟಬೇಕು. ಆ ತಂಡ 1985ರಿಂದ ಆಚೆಗೆ ತನ್ನ ದಕ್ಷಿಣ ಕ್ಯಾಲಿಫೋರ್ನಿಯಾ ಲೀಗ್‌ನಲ್ಲಿ ಸತತ 310 ಪಂದ್ಯಗಳನ್ನು ಸೋತಿತು. ಲೀಗ್‌ನ ಹೊರಗೂ ಅದರ ಪಾಡು ಬೇರೆಯಾಗಿರಲಿಲ್ಲ: 1996ರಿಂದ ತನ್ನದೇ ದರ್ಜೆಯ, ಅಂದರೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಮೂರನೇ ವಿಭಾಗದ ತಂಡಗಳೆದುರು 207 ಪಂದ್ಯಗಳನ್ನು ಒಂದರ ಹಿಂದೆ ಒಂದು ಸೋತು, 2007ರ ಜನವರಿಯಲ್ಲಿ ಬಾರ್ಡ್ ಕಾಲೇಜನ್ನು 81–52 ಅಂಕಗಳಿಂದ ಮಣಿಸಿತು. ಲೀಗ್‌ನ ಗೆಲುವಿಗೆ ಮತ್ತೂ ನಾಲ್ಕು ವರ್ಷ ಕಾಯಬೇಕಾಯಿತು. 2011ರ ಫೆಬ್ರುವರಿ 22ರಂದು ಆಕ್ಸಿಡೆಂಟಲ್ ಕಾಲೇಜಿನ ಎದುರು ಪಂದ್ಯ ಮುಗಿಯಲು 3.3 ಸೆಕೆಂಡುಗಳಷ್ಟೇ ಇದ್ದಾಗ, ಕಂಪ್ಯೂಟರ್ ವಿಜ್ಞಾನದ ಅಂತಿಮ ವರ್ಷದ ವಿದ್ಯಾರ್ಥಿ ರಯಾನ್ ಎಲ್ಮ್‌ಕ್ವಿಸ್ಟ್ ಹಾಕಿದ ಫ್ರೀ ಥ್ರೋನಿಂದ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ತಂಡ 46–45ರಲ್ಲಿ ಗೆದ್ದಿತು.

ಈ ಕತೆಯನ್ನು ಛಲದ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಛಲ ಇದ್ದದ್ದು ನಿಜ. ಆದರೆ ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಸೋಲುತ್ತಲೇ ಇದ್ದ ತಂಡಕ್ಕೆ ಆ ಲೀಗ್ ಪ್ರತಿ ವರ್ಷ ತಪ್ಪದೆ ಪೂರ್ಣ ವೇಳಾಪಟ್ಟಿಯನ್ನು ಕೊಟ್ಟಿತು ಎಂಬ ಸಂಗತಿ. ಪ್ರತಿ ಎದುರಾಳಿಯೊಂದಿಗೆ ಒಮ್ಮೆ ತವರಿನಲ್ಲಿ, ಒಮ್ಮೆ ಅವರ ಅಂಗಳದಲ್ಲಿ ಆಡುವ ಪದ್ಧತಿ ಅಲ್ಲಿಯದು. ಮೊದಲ ಭೇಟಿಯಲ್ಲಿ ನಲವತ್ತು ಅಂಕಗಳಿಂದ ಸೋತವರು ಎರಡನೆಯ ಭೇಟಿಯಲ್ಲಿ ಅದನ್ನು ಇಪ್ಪತ್ತಕ್ಕೆ ಇಳಿಸಿದರೆ ಅದೇ ಒಂದು ಸಾಧನೆ, ಅದನ್ನು ಅಳೆದು ನೋಡಲು ಎರಡನೆಯ ಭೇಟಿ ಎಂಬುದೊಂದು ಇರಬೇಕು. ನಮ್ಮ ನಾಕ್‌ಔಟ್ ಪದ್ಧತಿಯಲ್ಲಿ 310 ಪಂದ್ಯ ಸೋಲಲು 310 ವರ್ಷ ಬೇಕಾಗುತ್ತದೆ.

ಹಾಗೆಂದು ಅಮೆರಿಕದ ವ್ಯವಸ್ಥೆಯನ್ನೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಒಂದು ಜಿಲ್ಲೆಯಲ್ಲಿ, ಬಸ್ಸಿನಲ್ಲಿ ಒಂದೆರಡು ಗಂಟೆಯ ಅಂತರದಲ್ಲಿರುವ ಐದಾರು ಕಾಲೇಜುಗಳು ಸೇರಿ, ಸೆಮಿಸ್ಟರ್ ಪರೀಕ್ಷೆಗೆ ಮುನ್ನ ಶನಿವಾರ ಮಧ್ಯಾಹ್ನಗಳಲ್ಲಿ ಪರಸ್ಪರರ ಕೋರ್ಟಿನಲ್ಲಿ ಲೀಗ್ ಆಡುವುದಕ್ಕೆ ತಗಲುವುದು ಬಸ್ ಚಾರ್ಜು, ಇಬ್ಬರು ರೆಫರಿಗಳ ಗೌರವಧನ ಮತ್ತು ಮಧ್ಯಾಹ್ನದ ಊಟ. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮರಳುವುದರಿಂದ ವಸತಿಯ ಖರ್ಚಿಲ್ಲ, ತರಗತಿಗಳೂ ಹೆಚ್ಚು ತಪ್ಪುವುದಿಲ್ಲ. ಆ ಪಂದ್ಯಗಳಿಗೂ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಅಧಿಕೃತ ಮಾನ್ಯತೆ ನೀಡಿ, ಆಡಿದವರಿಗೆ ಹಾಜರಾತಿಯ ವಿನಾಯಿತಿ ಸಿಗುವಂತೆ ಮಾಡಬೇಕು, ವಲಯ ಟೂರ್ನಿಯ ಚೀಟಿ ಎತ್ತುವಾಗ ಲೀಗ್‌ನ ಸ್ಥಾನಗಳನ್ನು ಪರಿಗಣಿಸಬೇಕು. ಮಾನ್ಯತೆಯೇ ಇಲ್ಲದ ಸ್ನೇಹಪಂದ್ಯಗಳಿಗೆ ವಿದ್ಯಾರ್ಥಿಗಳನ್ನು ಬಿಟ್ಟುಕೊಡಲು ಪ್ರಾಂಶುಪಾಲರು ಒಪ್ಪುವುದಿಲ್ಲ ಎಂಬುದು ನನ್ನ ವೃತ್ತಿಯಲ್ಲಿರುವವರಿಗೆಲ್ಲ ತಿಳಿದ ವಿಷಯ.

ದೊಡ್ಡ ಅಂತರದ ಸೋಲು ವಿದ್ಯಾರ್ಥಿಗಳ ಮನೋಬಲ ಕುಗ್ಗಿಸುತ್ತದೆ, ಆದ್ದರಿಂದ ಆಡಿಸದಿರುವುದೇ ಒಳ್ಳೆಯದು ಎಂಬ ವಾದವೂ ಇದೆ. ಸೋತು ಬಂದ ಮರುದಿನ ಬೆಳಿಗ್ಗೆ ಆರಕ್ಕೇ ಚೆಂಡಿನ ಕೋಣೆಯ ಬೀಗದ ಕೈ ಕೇಳಿಕೊಂಡು ನನ್ನ ಮನೆ ಬಾಗಿಲಿಗೆ ಬಂದ ಹುಡುಗರನ್ನು ನಾನು ಕಂಡಿದ್ದೇನೆ. ಅವರು ಕುಗ್ಗುತ್ತಿದ್ದದ್ದು ಮುಂದಿನ ಪಂದ್ಯ ಯಾವಾಗ ಎಂದು ಕೇಳಿದಾಗ ನನ್ನಿಂದ ಬರುತ್ತಿದ್ದ ಉತ್ತರಕ್ಕೆ.

ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗಗಳು ಮುಂದಿನ ವಾರ್ಷಿಕ ವೇಳಾಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ, ಕನಿಷ್ಠ ಒಂದು ಜಿಲ್ಲೆಯಲ್ಲಾದರೂ ಇಂತಹ ಲೀಗನ್ನು ಪ್ರಾಯೋಗಿಕವಾಗಿ ನಡೆಸಲು ಮುಂದಾಗಬೇಕೆಂದು ಕೋರುತ್ತೇನೆ. ತಂಡವನ್ನು ಹಿಂದಕ್ಕೆ ಪಡೆಯಲು ಹೊರಟಿರುವ ಕಾಲೇಜುಗಳು ಪ್ರವೇಶ ಪತ್ರ ಸಲ್ಲಿಸುವ ಕೊನೆಯ ದಿನದೊಳಗೆ ತಮ್ಮ ತೀರ್ಮಾನವನ್ನು ಮರುಪರಿಶೀಲಿಸಲಿ. ಅಂತಿಮ ವರ್ಷದಲ್ಲಿರುವ ಆಟಗಾರರಿಗೆ ಮುಂದಿನ ವರ್ಷ ನೋಡೋಣ ಎಂಬ ಆಶ್ವಾಸನೆಯಿಂದ ಯಾವ ಪ್ರಯೋಜನವೂ ಇಲ್ಲ.

– ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಹಾಸನ