ಗೂಡ್ಸ್ ಗಾಡಿಯ ಲೆಕ್ಕವನ್ನೂ ನೋಡಿ

ಮಾನ್ಯರೇ,

ರೈಲಿನ ಸುದ್ದಿ ಅಂದರೆ ನಮಗೆ ಹೊಸ ಪ್ಯಾಸೆಂಜರ್ ಗಾಡಿ, ಅದರ ವೇಗ, ಹಸಿರು ಬಾವುಟ. ಗೂಡ್ಸ್ ನೆನಪಾಗೋದು ಗೇಟ್ ಹಾಕಿದಾಗ ಮಾತ್ರ, ಅಲ್ವಾ? ವ್ಯಾಗನ್ ಎಣಿಸುತ್ತಾ ಬೈದುಕೊಂಡು ನಿಲ್ಲುತ್ತೇವೆ. ಆದರೆ ಬಂದರಿನಿಂದ ದೂರ ಇರುವ, ಬೇಸಾಯವನ್ನೇ ನೆಚ್ಚಿಕೊಂಡ ರಾಜ್ಯದಲ್ಲಿ ರೈತನ ಕೈಗೆ ಎಷ್ಟು ದುಡ್ಡು ಬರುತ್ತದೆ ಅನ್ನೋದು ಆ ಗಾಡಿಯ ಮೇಲೂ ನಿಂತಿದೆ. ಸಾಗಣೆ ಖರ್ಚನ್ನು ವ್ಯಾಪಾರಿ ತನ್ನ ಜೇಬಿನಿಂದ ಹಾಕುವುದಿಲ್ಲ. ರೈತನಿಗೆ ಹೇಳುವ ರೇಟಿನಲ್ಲೇ ಮುರಿದುಕೊಳ್ಳುತ್ತಾನೆ.

ಅಮೆರಿಕದ ಸೌತ್ ಡಕೋಟಾ ಇಂಥದ್ದೇ ರಾಜ್ಯ. ಅಲ್ಲಿ ಓಡುತ್ತಿದ್ದ ಮಿಲ್ವಾಕಿ ರೋಡ್ ಎಂಬ ರೈಲು ಕಂಪನಿ 1977ರಲ್ಲಿ ದಿವಾಳಿ ಎದ್ದು, ಆಮೇಲೆ ಹಳಿಗಳನ್ನೇ ಕೈಬಿಡಲು ಹೊರಟಿತು. ರಾಜ್ಯ ಏನು ಮಾಡಿತು ಗೊತ್ತಾ? ಒಂದು ವರ್ಷದ ಮಟ್ಟಿಗೆ ಮಾರಾಟ ತೆರಿಗೆಯನ್ನು ಡಾಲರಿಗೆ ಒಂದು ಸೆಂಟ್ ಏರಿಸಿ, ಬೇಕಾದ ಹಳಿಗಳನ್ನು ತಾನೇ ಕೊಂಡು, ಗಾಡಿ ಓಡಿಸುವ ಕೆಲಸವನ್ನು ಬೇರೆ ಕಂಪನಿಗೆ ಕೊಟ್ಟಿತು. 2005ರಲ್ಲಿ ಮುಖ್ಯ ಹಳಿಯನ್ನು ಬಿಎನ್‌ಎಸ್‌ಎಫ್ ಎಂಬ ರೈಲು ಕಂಪನಿಗೆ ಮಾರಿತು. ಸರ್ಕಾರಕ್ಕೆ ವ್ಯಾಪಾರ ಬರಲ್ಲ ಅನ್ನೋರು ಇದನ್ನೊಮ್ಮೆ ನೋಡಬೇಕು.

ಹಳಿ ಇದ್ದರಷ್ಟೇ ಸಾಲದು. ಪಕ್ಕದ ನಾರ್ತ್ ಡಕೋಟಾದಲ್ಲಿ 2013-14ರಲ್ಲಿ ಬೆಳೆ ಭರ್ಜರಿ, ಜೊತೆಗೆ ಕಚ್ಚಾ ತೈಲದ ರೈಲುಗಳ ನೂಕುನುಗ್ಗಲು, ಸಾಲದ್ದಕ್ಕೆ ಕೆಟ್ಟ ಚಳಿ. ಕೇಳಿದ ವ್ಯಾಗನ್ ವಾರಗಟ್ಟಲೆ ಬರಲಿಲ್ಲ. ಗೋದಾಮು ತುಂಬಿ, ಧಾನ್ಯವನ್ನು ಬಯಲಿನಲ್ಲಿ ಗುಡ್ಡೆ ಹಾಕಿದರು. ಮಳೆ ಬಿದ್ದರೆ ಮೇಲಿನ ಪದರ ಮೊದಲು ಕೆಡುತ್ತದೆ, ಗುಡ್ಡೆಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದೆ. ವರ್ಷದ ದುಡಿಮೆ ಹಾಗೆ ಬಿಸಿಯಾಗುತ್ತಾ ಕೂತರೆ ಯಾರಿಗೆ ನಿದ್ದೆ ಬರುತ್ತದೆ? ಕೊನೆಗೆ ಅಮೆರಿಕದ ರೈಲು ನಿಯಂತ್ರಣ ಮಂಡಳಿಯೇ, ಎಷ್ಟು ವ್ಯಾಗನ್ ಕೊಡುವುದು ಬಾಕಿ ಇದೆ ಅಂತ ಕಂಪನಿಗಳು ವಾರವಾರ ಲೆಕ್ಕ ಕೊಡಬೇಕು ಎಂದು 2014ರಲ್ಲಿ ಆದೇಶ ಮಾಡಿತು.

ಇನ್ನೊಂದು ಮಾತು. ಕವಲು ಹಳಿ ನಷ್ಟದಲ್ಲಿದೆ, ಮುಚ್ಚೋಣ ಅನ್ನುವವರು ಬರೀ ರೈಲಿನ ಲೆಕ್ಕ ತೋರಿಸುತ್ತಾರೆ. ಆ ಸರಕು ಲಾರಿಗೆ ಹೋಗುತ್ತದಲ್ಲ? ಲಾರಿಯ ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಸೇರಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು ಅನ್ನೋದು ಎಂಜಿನಿಯರುಗಳ ಹಳೇ ಅಂದಾಜು. ಆ ರಿಪೇರಿಯ ಬಿಲ್ಲು ಬೇರೆ ಇಲಾಖೆಗೆ ಹೋಗುತ್ತದೆ, ಹಾಗಾಗಿ ಉಳಿತಾಯ ಆದಂತೆ ಕಾಣುತ್ತದೆ ಅಷ್ಟೇ.

ನಾನು ಕೇಳೋದು ಜಾಸ್ತಿ ಏನಿಲ್ಲ. ಎಷ್ಟು ವ್ಯಾಗನ್ ಕೇಳಿದ್ದರು, ಎಷ್ಟು ಸಿಕ್ಕಿತು, ಎಷ್ಟು ದಿನ ತಡವಾಯಿತು ಅನ್ನೋದನ್ನು ನಮ್ಮ ರೈಲ್ವೆಯವರೂ ಸ್ಟೇಷನ್‌ವಾರು ವಾರವಾರ ಪ್ರಕಟಿಸಲಿ. ಸುಗ್ಗಿಗೆ ಮುಂಚೆಯೇ ಶುರುವಾಗಲಿ.

– ಒಬ್ಬ ಓದುಗ